ಸ್ಥೂಲಕಾಯತೆಯಲ್ಲಿ ಮನೋವ್ಯಾಪಾರ ಮತ್ತು ತೂಕದ ಇಳಿಕೆ

ಅವಧಾನ, ಸ್ಮೃತಿ, ನಿಗ್ರಹ, ಯೋಜನೆ ಮೊದಲಾದ ಜ್ಞಾನಾತ್ಮಕ ಮನೋವ್ಯಾಪಾರಗಳಿಗೂ ಸ್ಥೂಲಕಾಯರಲ್ಲಿ ಮೈತೂಕ ಇಳಿಯುವುದಕ್ಕೂ ಇರುವ ಸಂಬಂಧವು ವೈದ್ಯಶಾಸ್ತ್ರ ಮತ್ತು ಮನಶ್ಶಾಸ್ತ್ರಗಳೆರಡರ ವ್ಯಾಪ್ತಿಗೂ ಸೇರಿದ ವಿಷಯ. ಈ ಸಂಬಂಧ ಇಮ್ಮುಖವಾದುದು. ಬೊಜ್ಜು ಬೆಳೆದಂತೆ ಮಿದುಳಿನ ಕೆಲವು ಕಾರ್ಯಗಳಿಗೆ ಅಲ್ಪಸ್ವಲ್ಪ ಕುಂದು ಒದಗುವುದು ಇದರ ಒಂದು ಮುಖ. ಅದೇ ಕಾರ್ಯಗಳು ದುರ್ಬಲವಾಗಿರುವವರಿಗೆ ಆಹಾರನಿಯಮವನ್ನು ಪಾಲಿಸುವುದು ದುಷ್ಕರವಾಗಿ, ಏರಿದ ತೂಕ ಇಳಿಯದೆ ನಿಲ್ಲುವುದು ಇನ್ನೊಂದು ಮುಖ. ಸ್ಥೂಲಕಾಯರು ಮಂದಮತಿಗಳೆಂಬುದು ಈ ಸಂಬಂಧವನ್ನು ಕುರಿತು ನಡೆದ ಅಧ್ಯಯನಗಳಿಂದ ಎಷ್ಟುಮಾತ್ರಕ್ಕೂ ಸಿದ್ಧವಾಗುವುದಿಲ್ಲ. ಕಂಡುಬಂದಿರುವ ವ್ಯತ್ಯಾಸಗಳು ಸಮೂಹಗಳ ಸರಾಸರಿಗೆ ಸಂಬಂಧಪಟ್ಟವು, ಪ್ರಮಾಣದಲ್ಲಿ ಚಿಕ್ಕವು. ಯಾವುದೇ ಒಬ್ಬ ವ್ಯಕ್ತಿಯ ಮೈತೂಕವನ್ನು ನೋಡಿ ಆತನ ಬುದ್ಧಿಶಕ್ತಿಯನ್ನು ಊಹಿಸಲು ಅವುಗಳಿಂದ ಸಾಧ್ಯವಿಲ್ಲ.

ಪರಿಭಾಷೆ ಮತ್ತು ಅಳತೆ

ಕಿಲೋಗ್ರಾಂಗಳಲ್ಲಿ ಹೇಳಿದ ತೂಕವನ್ನು ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ದೇಹತೂಕ ಸೂಚ್ಯಂಕವು (ಬಿಎಂಐ) 30 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಸ್ಥೂಲಕಾಯತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಗಣಿಸುತ್ತದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಮೇದಸ್ಸು ಶೇಖರವಾಗಿ ಮಧುಮೇಹಾದಿ ರೋಗಗಳು ತಲೆದೋರುವುದರಿಂದ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ನಿರ್ಣಯವು ಈ ಮಿತಿಯನ್ನು 25ಕ್ಕೆ ಇಳಿಸಿತು. ಈ ಸೂತ್ರವನ್ನು ಮೊದಲು ಬಳಸಿದವನು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ಗಣಿತಜ್ಞ ಅಡಾಲ್ಫ್ ಕೆಟಲೆ. ಅದಕ್ಕೆ ಇಂದಿನ ಹೆಸರನ್ನು 1972ರಲ್ಲಿ ಕೊಟ್ಟವನು ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್.

ಮನೋವ್ಯಾಪಾರಗಳಲ್ಲಿ ಈ ವಿಷಯಕ್ಕೆ ಅತಿಮುಖ್ಯವಾದವು ಎರಡು ಗುಂಪಿನವು. ಮೊದಲನೆಯದು, ಮುಮ್ಮಿದುಳಿನ ಮುಂಭಾಗವನ್ನು ಬಹುಮಟ್ಟಿಗೆ ಅವಲಂಬಿಸಿರುವ ಕಾರ್ಯನಿರ್ವಾಹಕ ಶಕ್ತಿಗಳು: ಉಕ್ಕಿಬರುವ ಪ್ರವೃತ್ತಿಯನ್ನು ತಡೆದು ನಿಲ್ಲಿಸುವ ನಿಗ್ರಹ, ಬೇಕಾದ ಸಂಗತಿಗಳನ್ನು ಕೆಲಸ ಮುಗಿಯುವ ತನಕ ಮನಸ್ಸಿನಲ್ಲಿ ಹಿಡಿದಿಡುವ ಕಾರ್ಯಸ್ಮೃತಿ, ಸಂದರ್ಭಕ್ಕೆ ತಕ್ಕಂತೆ ಕ್ರಮವನ್ನು ಬದಲಿಸುವ ಚಿತ್ತದ ನಮ್ಯತೆ. ಎರಡನೆಯದು, ಹಿಪೊಕ್ಯಾಂಪಸ್ ಎಂಬ ಭಾಗವನ್ನು ಆಶ್ರಯಿಸಿದ ಘಟನಾಸ್ಮೃತಿ, ಅಂದರೆ ಎಲ್ಲಿ, ಯಾವಾಗ, ಏನು ನಡೆಯಿತೆಂಬುದರ ನೆನಪು. ಇವನ್ನು ಅಳೆಯಲು ನಿಯತವಾದ ಪರೀಕ್ಷೆಗಳುಂಟು. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಮುದ್ರಿಸಿ, ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಹೇಳುವಂತೆ ಕೇಳುತ್ತಾರೆ. ಓದಿಬಿಡುವ ಅಭ್ಯಾಸವನ್ನು ಅದುಮಿಡಲು ಹಿಡಿಯುವ ಹೆಚ್ಚುವರಿ ಕಾಲವೇ ನಿಗ್ರಹಶಕ್ತಿಯ ಅಳತೆ. ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವುದು ಕಾರ್ಯಸ್ಮೃತಿಯ ಪರೀಕ್ಷೆ; ಪದಗಳ ಪಟ್ಟಿಯೊಂದನ್ನು ಕೇಳಿ ಅರ್ಧ ಗಂಟೆಯ ಮೇಲೆ ಜ್ಞಾಪಿಸಿಕೊಳ್ಳುವುದು ಘಟನಾಸ್ಮೃತಿಯ ಪರೀಕ್ಷೆ. ಪಾಶ್ಚಾತ್ಯ ದೇಶಗಳ ಸರಾಸರಿಯನ್ನೇ ನಮ್ಮವರಿಗೂ ಅನ್ವಯಿಸುವುದು ಯುಕ್ತವಲ್ಲವಾದುದರಿಂದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಗುಣವಾದ ಮಾನಕಗಳಿರುವ ಪರೀಕ್ಷಾಮಾಲೆಯೊಂದನ್ನು 2004ರಲ್ಲಿ ಹೊರತಂದಿತು.

ವಿಚಾರದ ಇತಿಹಾಸ

ಮನಸ್ಸಿನ ಸ್ಥಿತಿಗೂ ಮೈಯ ಸ್ಥೌಲ್ಯಕ್ಕೂ ನಂಟು ಉಂಟೆಂಬ ಭಾವನೆ ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತರಲ್ಲಿ ಒಬ್ಬನೆಂದು ಎಣಿಸಿ, ಅತಿಭೋಜನ, ಹಗಲುನಿದ್ದೆ, ವ್ಯಾಯಾಮದ ಅಭಾವಗಳ ಜೊತೆಗೆ ಚಿಂತನೆಯಿಲ್ಲದಿರುವುದನ್ನೂ ಬೀಜಸ್ವಭಾವವನ್ನೂ ಸ್ಥೌಲ್ಯದ ಕಾರಣಗಳಾಗಿ ಹೇಳಿದೆ. ಕೃಶತೆಯನ್ನು ಬಯಸುವವನಿಗೆ ಜಾಗರಣೆ, ವ್ಯಾಯಾಮಗಳಂತೆ ಚಿಂತನೆಯನ್ನೂ ಕ್ರಮವಾಗಿ ಹೆಚ್ಚಿಸಿಕೊಳ್ಳುವಂತೆ ವಿಧಿಸಿದೆ. ಸ್ಥೂಲನಿಗೆ ಒದಗುವ ಎಂಟು ದೋಷಗಳನ್ನು ಆ ಗ್ರಂಥ ಪಟ್ಟಿಮಾಡುವಾಗ ಆಯುಷ್ಯದ ಹ್ರಾಸ, ಅತಿಯಾದ ಹಸಿವು, ಅತಿಯಾದ ಬಾಯಾರಿಕೆಗಳನ್ನು ಹೆಸರಿಸಿದೆಯೇ ಹೊರತು ಬುದ್ಧಿಮಾಂದ್ಯವನ್ನು ಸೇರಿಸಿಲ್ಲವೆಂಬುದು ಗಮನಾರ್ಹ.

ಆಧುನಿಕ ಕಾಲದಲ್ಲಿ ಹಸಿವಿನ ನೆಲೆ ಮಿದುಳಿನಲ್ಲಿದೆಯೆಂಬುದು ಸ್ಪಷ್ಟವಾದದ್ದು 1940ರಲ್ಲಿ. ಹೆದರಿಂಗ್ಟನ್ ಮತ್ತು ರಾನ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಹೈಪೊಥಲಾಮಸ್ಸಿನ ಒಂದು ಸಣ್ಣ ಭಾಗವನ್ನು ಹಾಳುಗೆಡವಿದಾಗ ಆ ಪ್ರಾಣಿಗಳು ಮಿತಿಮೀರಿ ಕೊಬ್ಬಿದವು. ಮೇದಃಕೋಶಗಳೇ ಸ್ರವಿಸಿ ಮಿದುಳಿಗೆ ಶೇಖರದ ಪ್ರಮಾಣವನ್ನು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿಯೂ, ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಜಠರದ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿಯೂ ಕಂಡುಹಿಡಿದರು. ಬೊಜ್ಜಿನಿಂದ ಮನೋವ್ಯಾಪಾರಕ್ಕೆ ಕುಂದುಂಟೇ ಎಂಬ ಪ್ರಶ್ನೆಯನ್ನು ದೊಡ್ಡ ಜನಸಮುದಾಯದಲ್ಲಿ ಪರಿಶೀಲಿಸಿದ ಮೊದಲಿಗರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಹೃದ್ರೋಗ ಅಧ್ಯಯನದವರು ಸೇರುತ್ತಾರೆ. 2003ರ ಅವರ ವರದಿಯಂತೆ ಸ್ಥೂಲಕಾಯರಾದ ಗಂಡಸರ ಸ್ಮೃತಿಪರೀಕ್ಷೆಯ ಫಲಿತಾಂಶಗಳು ಇತರರಿಗಿಂತ ಕೆಳಗಿದ್ದವು, ಹೆಂಗಸರಲ್ಲಿ ಅಂಥ ವ್ಯತ್ಯಾಸ ತೋರಲಿಲ್ಲ.

ಮೇದಸ್ಸಿನಿಂದ ಮಿದುಳಿಗೆ

ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯ ಐದರಲ್ಲೊಂದು ಪಾಲನ್ನು ಬಳಸುತ್ತದೆಯಾದ್ದರಿಂದ, ರಕ್ತಪರಿಚಲನೆಗೂ ಸಕ್ಕರೆಯ ವಿನಿಯೋಗಕ್ಕೂ ಆಗುವ ಅಡಚಣೆ ಅದಕ್ಕೆ ಬೇಗ ತಟ್ಟುತ್ತದೆ. ಬೊಜ್ಜಿನ ಬೆನ್ನಲ್ಲೇ ಬರುವ ರಕ್ತದೊತ್ತಡ ಮತ್ತು ಮಧುಮೇಹಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತವೆ. ಮೇದಸ್ಸಿನ ಅಂಗಾಂಶವು ಉರಿಯೂತವನ್ನು ಹೆಚ್ಚಿಸುವ ದ್ರವ್ಯಗಳನ್ನು ಸ್ರವಿಸಿ, ಸೌಮ್ಯವಾದರೂ ನಿರಂತರವಾದ ಉರಿಯೂತವನ್ನು ದೇಹದಲ್ಲೆಲ್ಲ ಉಳಿಸುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿ ಇನ್ಸುಲಿನ್ನಿನ ಗ್ರಾಹಿಗಳು ಹೇರಳವಾಗಿರುವುದರಿಂದ ಇನ್ಸುಲಿನ್ನಿಗೆ ದೇಹ ಸ್ಪಂದಿಸದೆಹೋಗುವ ಸ್ಥಿತಿಯು ನೆನಪಿನ ಮೇಲೂ ಪರಿಣಾಮ ಮಾಡುತ್ತದೆ. ಸ್ಥೂಲಕಾಯರಲ್ಲಿ ಬಹುಮಂದಿಗೆ ಇರುವ, ಗೊರಕೆಯ ನಡುವೆ ಉಸಿರು ಕಟ್ಟಿ ನಿಂತು ರಾತ್ರಿಯೆಲ್ಲ ಎಚ್ಚರವಾಗುತ್ತಿರುವ ನಿದ್ರಾಶ್ವಾಸರೋಧವು ಮಿದುಳಿಗೆ ಆಮ್ಲಜನಕದ ಕೊರತೆಯನ್ನೂ, ಹಗಲಿನಲ್ಲಿ ತೂಕಡಿಕೆಯನ್ನೂ ಅನವಧಾನವನ್ನೂ ತರುತ್ತದೆ. ಈ ಕೊನೆಯ ಕಾರಣವು ಚಿಕಿತ್ಸೆಗೆ ಸುಲಭವಾಗಿ ಒಳಪಡುವಂಥದಾದರೂ ಅನೇಕ ವೇಳೆ ಪತ್ತೆಯಾಗದೆ ಉಳಿಯುತ್ತದೆ.

ತಿನ್ನುವ ಆಹಾರವೇ, ತೂಕ ಏರುವ ಮುನ್ನವೂ, ನೆನಪನ್ನು ಮಂದಗೊಳಿಸಬಲ್ಲದು. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಸ್ಟೀವನ್ಸನ್ ಮತ್ತು ಸಂಗಡಿಗರು ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೊಜ್ಜಿಲ್ಲದ ಆರೋಗ್ಯವಂತ ತರುಣ ತರುಣಿಯರಿಗೆ ಒಂದು ವಾರ ಕಾಲ ಕೊಬ್ಬು ಸಕ್ಕರೆಗಳು ಅಧಿಕವಾದ ತಿಂಡಿಗಳನ್ನು ಕೊಟ್ಟಾಗ ಅವರ ಕಲಿಕೆ ನೆನಪುಗಳ ಪರೀಕ್ಷೆಯ ಫಲಿತಾಂಶ ಇಳಿಯಿತು. ಅಷ್ಟೇ ಅಲ್ಲದೆ, ಹೊಟ್ಟೆ ತುಂಬಿದ ಮೇಲೂ ಅಂಥ ತಿಂಡಿಗಳನ್ನು ಬಯಸುವ ಪ್ರವೃತ್ತಿ ಹೆಚ್ಚಿತು.

ಮಿದುಳಿನಿಂದ ಮೇದಸ್ಸಿಗೆ

ಊಟ ಸಾಕೆಂಬ ತೀರ್ಮಾನವನ್ನು ಹೊಟ್ಟೆಯೊಂದೇ ಮಾಡುವುದಿಲ್ಲವೆಂಬುದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗದ ನಿವಾರಣೆಗಾಗಿ 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ಕಳೆದುಕೊಂಡು ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾರದವರಾಗಿದ್ದ ಅವರ ಮುಂದೆ, ಒಂದು ಊಟ ಮುಗಿದ ಕೂಡಲೆ ಇನ್ನೊಂದು ಊಟವನ್ನು ತಂದಿಟ್ಟಾಗ ಅದನ್ನೂ ಬಹುಪಾಲು ಉಂಡರು. ಉಣ್ಣುವ ಮೊದಲೂ ಅನಂತರವೂ ತಮ್ಮ ಹಸಿವನ್ನು ಒಂದೇ ಮಟ್ಟದಲ್ಲಿ ಹೇಳಿದರು. ಸ್ಮೃತಿ ಅಳಿದ ಇತರ ರೋಗಿಗಳಲ್ಲಿಯೂ ಇದೇ ವರ್ತನೆಯನ್ನು ಪಾಲ್ ರೋಜಿನ್ ಮತ್ತು ಸಂಗಡಿಗರು 1998ರಲ್ಲಿ ವರದಿಮಾಡಿದರು.

ಆರೋಗ್ಯವಂತರಲ್ಲಿಯೂ ನೆನಪಿನ ಪಾತ್ರ ಕಡಿಮೆಯದಲ್ಲ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಜೆಫ್ರಿ ಬ್ರನ್‌ಸ್ಟ್ರಂ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸೂಪಿನ ಬಟ್ಟಲಿನ ತಳಕ್ಕೆ ಕಾಣದಂತೆ ಕೊಳವೆಯೊಂದನ್ನು ಜೋಡಿಸಿ, 300 ಮಿಲಿಲೀಟರ್ ಸೂಪನ್ನು ಕಣ್ಣಾರೆ ಕಂಡವರಲ್ಲಿ ಕೆಲವರು 500 ಮಿಲಿಲೀಟರ್ ಕುಡಿಯುವಂತೆಯೂ, 500 ಮಿಲಿಲೀಟರ್ ಕಂಡವರಲ್ಲಿ ಕೆಲವರು 300 ಮಿಲಿಲೀಟರನ್ನೇ ಕುಡಿಯುವಂತೆಯೂ ಏರ್ಪಡಿಸಲಾಯಿತು. ಕುಡಿದ ತಕ್ಷಣ ಅವರ ತೃಪ್ತಿಯು ನಿಜವಾಗಿ ಕುಡಿದ ಪ್ರಮಾಣಕ್ಕೆ ಅನುಗುಣವಾಗಿತ್ತು. ಎರಡು ಮೂರು ಗಂಟೆಗಳಾದ ಮೇಲೆ ಮಾತ್ರ ಅವರ ಹಸಿವನ್ನು ನಿರ್ಧರಿಸಿದ್ದು ಕಂಡ ಸೂಪಿನ ನೆನಪೇ ಹೊರತು ಹೊಟ್ಟೆಗೆ ಇಳಿದ ಸೂಪಲ್ಲ. ದೂರದರ್ಶನವನ್ನೋ ಮೊಬೈಲನ್ನೋ ನೋಡುತ್ತ ಉಂಡವರು ಮುಂದಿನ ಹೊತ್ತಿಗೆ ಹೆಚ್ಚು ತಿನ್ನುವುದೇಕೆಂಬುದಕ್ಕೆ ಇದರಿಂದ ಸಮಾಧಾನ ದೊರೆಯುತ್ತದೆ: ಲಕ್ಷ್ಯವಿಲ್ಲದೆ ಉಂಡದ್ದು ನೆನಪಿನಲ್ಲಿ ಸರಿಯಾಗಿ ದಾಖಲಾಗುವುದಿಲ್ಲ.

ಹೀಗೆ, ಕೊಬ್ಬು ಸಕ್ಕರೆಗಳ ಆಹಾರ ಹಿಪೊಕ್ಯಾಂಪಸ್ಸನ್ನು ಕುಂದಿಸುವುದು, ಕುಂದಿದ ಹಿಪೊಕ್ಯಾಂಪಸ್ ತಿಂದದ್ದರ ನೆನಪನ್ನೂ ತೃಪ್ತಿಯ ಸೂಚನೆಗಳನ್ನೂ ಬಳಸಿಕೊಳ್ಳಲಾರದೆ ಹೆಚ್ಚು ತಿನ್ನಲು ಎಡೆಗೊಡುವುದು, ಅದರಿಂದ ಕುಂದು ಮತ್ತೆ ಹೆಚ್ಚುವುದು ಎಂಬ ವಿಷಚಕ್ರವನ್ನು ಟೆರಿ ಡೇವಿಡ್‌ಸನ್, ಸ್ಕಾಟ್ ಕನೋಸ್ಕಿ ಮೊದಲಾದವರು ಪ್ರಾಣಿಪ್ರಯೋಗಗಳ ಆಧಾರದಿಂದ ಪ್ರತಿಪಾದಿಸಿದ್ದಾರೆ.

ತೂಕ ಇಳಿದಾಗ ಆಗುವ ಬದಲಾವಣೆ

ಆಹಾರನಿಯಮ ಮತ್ತು ವ್ಯಾಯಾಮಗಳಿಂದ ಉದ್ದೇಶಪೂರ್ವಕವಾಗಿ ತೂಕ ಇಳಿಸಿಕೊಂಡವರ ಮೇಲಣ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳು ಅವಧಾನ, ಸ್ಮೃತಿ, ಕಾರ್ಯನಿರ್ವಾಹಕ ಶಕ್ತಿಗಳಲ್ಲಿ ಸಣ್ಣ ಪ್ರಮಾಣದ ಸುಧಾರಣೆಯನ್ನು ತೋರಿಸಿವೆ. ಆದರೆ ಈ ಅಧ್ಯಯನಗಳಲ್ಲಿ ಅನೇಕವು ಅಲ್ಪಾವಧಿಯವು. ಒಂದೇ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವವನು ಅಭ್ಯಾಸಬಲದಿಂದಲೇ ಉತ್ತಮಗೊಳ್ಳುವುದುಂಟಾದ್ದರಿಂದ, ಹೋಲಿಕೆಯ ಗುಂಪಿಲ್ಲದ ಅಧ್ಯಯನದ ಫಲಿತಾಂಶವನ್ನು ಪೂರ್ತಿಯಾಗಿ ನಂಬಲಾಗದು. ಅಮೆರಿಕದಲ್ಲಿ 2001ರಲ್ಲಿ ಆರಂಭವಾಗಿ, ಮಧುಮೇಹವುಳ್ಳ 5,145 ಮಂದಿ ಅತಿತೂಕದವರನ್ನು ವರ್ಷಗಟ್ಟಲೆ ಅನುಸರಿಸಿದ ‘ಲುಕ್ ಅಹೆಡ್’ ಎಂಬ ಬೃಹತ್ ಪ್ರಯೋಗದಲ್ಲಿ ಜೀವನಕ್ರಮದ ತೀವ್ರ ಚಿಕಿತ್ಸೆ ಪಡೆದವರಿಗೂ ಸಾಮಾನ್ಯ ಸಲಹೆ ಪಡೆದವರಿಗೂ ಮನೋವ್ಯಾಪಾರದಲ್ಲಿ ಒಟ್ಟಾರೆ ವ್ಯತ್ಯಾಸ ಕಂಡುಬರಲಿಲ್ಲ. ಕಡಿಮೆ ಬೊಜ್ಜಿನವರಿಗೆ ಅಷ್ಟಿಷ್ಟು ಲಾಭವಾದ ಸೂಚನೆಗಳಿದ್ದುವು, ಹೆಚ್ಚು ಬೊಜ್ಜಿನವರಿಗೆ ಅದೂ ಇರಲಿಲ್ಲ.

ಉಪವಾಸದಿಂದ ಬುದ್ಧಿ ಮಂಕಾಗುವುದೆಂಬ ಭೀತಿಗೆ ಉತ್ತರವು ಹಳೆಯದೊಂದು ಪ್ರಯೋಗದಲ್ಲಿದೆ. ಆನ್ಸೆಲ್ ಕೀಸನು 1944-45ರಲ್ಲಿ ಮಿನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದಾಗ ಅವರು ಮೈತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಮನಸ್ಸು ಯಾವುದರಲ್ಲಿಯೂ ನಿಲ್ಲುವುದಿಲ್ಲವೆಂದು ದೂರಿದರು, ಹಗಲಿರುಳೂ ಊಟದ ಗುಂಗಿನಲ್ಲಿದ್ದು ಅಡುಗೆಯ ಪುಸ್ತಕಗಳನ್ನು ಓದುತ್ತಿದ್ದರು. ಆದರೂ ಬುದ್ಧಿಪರೀಕ್ಷೆಗಳಲ್ಲಿ ಅವರ ಸಾಮರ್ಥ್ಯ ಗಣನೀಯವಾಗಿ ಇಳಿಯಲಿಲ್ಲ. ಅವರಾರೂ ಸ್ಥೂಲಕಾಯರಾಗಿರಲಿಲ್ಲವಾದರೂ, ಹಸಿವು ಕಸಿಯುವುದು ಬುದ್ಧಿಯನ್ನಲ್ಲ, ಗಮನವನ್ನು ಎಂಬುದು ಈ ಪ್ರಯೋಗದಿಂದ ವ್ಯಕ್ತವಾಗುತ್ತದೆ.

ಶಸ್ತ್ರಚಿಕಿತ್ಸೆ ಮತ್ತು ಔಷಧ

ಜಠರದ ಗಾತ್ರವನ್ನು ಕುಗ್ಗಿಸುವ ಅಥವಾ ಆಹಾರದ ಮಾರ್ಗವನ್ನು ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಿಂದ ತೂಕ ಹೆಚ್ಚಾಗಿಯೂ ಶೀಘ್ರವಾಗಿಯೂ ಇಳಿಯುವುದರಿಂದ ಈ ಸಂಬಂಧದ ಅಧ್ಯಯನಕ್ಕೆ ಅದು ಪ್ರಶಸ್ತವಾದ ಕ್ಷೇತ್ರವಾಗಿದೆ. ಜಾನ್ ಗನ್‌ಸ್ಟಾಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ 109 ಮಂದಿಯನ್ನು ಒಳಗಾಗದ 41 ಮಂದಿ ಸ್ಥೂಲಕಾಯರೊಡನೆ ಹೋಲಿಸಿದಾಗ, ಹನ್ನೆರಡು ವಾರಗಳಲ್ಲಿಯೇ ಮೊದಲ ಗುಂಪಿನವರ ನೆನಪು ಸುಧಾರಿಸಿತ್ತು. ನೆದರ್‌ಲೆಂಡ್ಸಿನ ‘ಬ್ಯಾರಿಕೊ’ ಅಧ್ಯಯನದ 133 ರೋಗಿಗಳಲ್ಲಿ ಸುಧಾರಣೆ ಎರಡು ವರ್ಷಗಳವರೆಗೂ ಉಳಿದುದು 2024ರ ವರದಿಯಲ್ಲಿ ದಾಖಲಾಗಿದೆ. ಉರಿಯೂತ ತಗ್ಗಿ, ರಕ್ತದೊತ್ತಡದ ಗುಳಿಗೆಗಳ ಅಗತ್ಯ ಕಡಿಮೆಯಾಗಿ, ಉಲ್ಲಾಸವೂ ಚಲನವಲನಗಳೂ ಹೆಚ್ಚಿದುದೆಲ್ಲ ಇದರ ಜೊತೆಗೆ ಕಂಡುಬಂದುವು.

ಈ ಚಿಕಿತ್ಸೆಯಿಂದ ಮಿದುಳಿಗೆ ಒದಗಬಹುದಾದ ಅಪಾಯವೂ ಒಂದುಂಟು. ದೇಹದಲ್ಲಿ ಥಯಮಿನ್ (ಬಿ1 ಜೀವಸತ್ತ್ವ) ಶೇಖರವು ಕೆಲವೇ ವಾರಗಳಿಗೆ ಸಾಲುವಷ್ಟಿರುವುದರಿಂದ, ಶಸ್ತ್ರಚಿಕಿತ್ಸೆಯ ಅನಂತರ ಬಿಡದೆ ವಾಂತಿಯಾಗುವ ರೋಗಿಗೆ ಅದನ್ನು ಕೂಡಲೆ ಕೊಡದಿದ್ದಲ್ಲಿ ದೃಷ್ಟಿ ಇಬ್ಬಗೆಯಾಗಿ, ನಡಿಗೆ ತಡವರಿಸಿ, ಮತಿಭ್ರಮೆಯುಂಟಾಗುವ ವರ್ನಿಕೆ ವ್ಯಾಧಿ ಬರಬಹುದು. ಅದರ ಶೇಷವಾಗಿ ಸ್ಮೃತಿನಾಶ ಶಾಶ್ವತವಾಗಿ ಉಳಿಯಬಹುದು. ಬಿ12 ಜೀವಸತ್ತ್ವದ ಕೊರತೆಯೂ ಸಸ್ಯಾಹಾರಿಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು.

ಸೆಮಗ್ಲುಟೈಡ್ ಮೊದಲಾದ ಹೊಸ ಔಷಧಗಳು ಮಿದುಳಿನ ಹಸಿವಿನ ಕೇಂದ್ರಗಳ ಮೇಲೆಯೇ ಕೆಲಸಮಾಡುತ್ತವೆ; 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಗ್ಲುಟೈಡ್ 68 ವಾರಗಳಲ್ಲಿ ಮೈತೂಕದ ನೂರಕ್ಕೆ ಸುಮಾರು 15 ಪಾಲನ್ನು ಇಳಿಸಿತು. ತಲೆಯಲ್ಲಿ ಸದಾ ಸುಳಿಯುತ್ತಿದ್ದ ತಿಂಡಿಯ ಯೋಚನೆ ನಿಂತುಹೋಯಿತೆಂದು ಇವನ್ನು ಬಳಸಿದ ಅನೇಕರು ಹೇಳುತ್ತಾರೆ. ಆದರೆ ಸೆಮಗ್ಲುಟೈಡ್ ಆರಂಭಾವಸ್ಥೆಯ ಆಲ್‌ಝೈಮರ್ ರೋಗಿಗಳಲ್ಲಿ ಮನೋವ್ಯಾಪಾರದ ಕುಸಿತವನ್ನು ನಿಧಾನಗೊಳಿಸಲಿಲ್ಲವೆಂಬುದು 2025ರಲ್ಲಿ ಹೊರಬಂದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ.

ಇಳಿಕೆಯ ಮುನ್ಸೂಚಕವಾಗಿ ಮನೋವ್ಯಾಪಾರ

ಒಹಾಯೊ ರಾಜ್ಯದ ಕೆಂಟ್ ವಿಶ್ವವಿದ್ಯಾನಿಲಯದ ಮೇರಿ ಬೆತ್ ಸ್ಪಿಟ್ಸ್‌ನಾಗೆಲ್ ಮತ್ತು ಸಂಗಡಿಗರು, ಒಂದೇ ಬಗೆಯ ಶಸ್ತ್ರಚಿಕಿತ್ಸೆಯಾದರೂ ಕೆಲವರು ಹೆಚ್ಚು ತೂಕವನ್ನೂ ಕೆಲವರು ಕಡಿಮೆ ತೂಕವನ್ನೂ ಕಳೆದುಕೊಳ್ಳುವುದೇಕೆಂದು ವಿಚಾರಿಸಿ, ಅವಧಾನ, ಸ್ಮೃತಿ, ಕಾರ್ಯನಿರ್ವಾಹಕ ಶಕ್ತಿಗಳು ಉತ್ತಮವಾಗಿದ್ದವರಲ್ಲಿ ಇಳಿಕೆ ಹೆಚ್ಚೆಂದೂ, ಶಸ್ತ್ರಚಿಕಿತ್ಸೆಯಾದ ಹನ್ನೆರಡನೆಯ ವಾರದ ಪರೀಕ್ಷಾಫಲವು ಮೂರು ವರ್ಷಗಳ ಅನಂತರದ ತೂಕವನ್ನು ಮುನ್ಸೂಚಿಸುತ್ತದೆಂದೂ 2013-14ರಲ್ಲಿ ತೋರಿಸಿದರು.

ಇದು ಆಶ್ಚರ್ಯವೇನಲ್ಲ. ‘ಕಡಿಮೆ ತಿನ್ನಿ’ ಎಂಬ ವೈದ್ಯರ ಎರಡು ಪದಗಳ ಆಜ್ಞೆಯನ್ನು ನಡೆಸಬೇಕಾದವನು ಬೆಳಗಿನ ಉಪ್ಪಿಟ್ಟಿನ ಪ್ರಮಾಣವನ್ನು ನೆನಪಿಡಬೇಕು. ಕಚೇರಿಯ ಕ್ಯಾಂಟೀನಿನಲ್ಲಿ ಗೆಳೆಯರು ತರಿಸಿದ ವಡೆಗೆ ಕೈಚಾಚದಿರಬೇಕು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬಜ್ಜಿಯ ಗಾಡಿಯಿರುವ ಬೀದಿಯನ್ನು ಬಿಟ್ಟು ಬೇರೆ ಬೀದಿ ಹಿಡಿಯಬೇಕು. ಮದುವೆಯ ಪಂಕ್ತಿಯಲ್ಲಿ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ಪ್ರೀತಿಯಿಂದ ಹೋಳಿಗೆಯ ಮೇಲೆ ಹೋಳಿಗೆ ಇಡುವವರಿಗೆ ನೋವಾಗದಂತೆ ಉತ್ತರ ಕೊಡಬೇಕು. ಇವುಗಳಲ್ಲಿ ಒಂದೊಂದೂ ಸ್ಮೃತಿ, ನಿಗ್ರಹ, ಯೋಜನೆ, ನಮ್ಯತೆಗಳ ಪರೀಕ್ಷೆಯೇ ಆಗಿದೆ; ಪ್ರಯೋಗಶಾಲೆಯ ಪರೀಕ್ಷೆ ಗಂಟೆಯಲ್ಲಿ ಮುಗಿದರೆ ಇದು ಎಂದಿಗೂ ಮುಗಿಯುವುದಿಲ್ಲ. ಇದರ ಜೊತೆಗೆ ದೇಹವೂ ಪ್ರತಿಕೂಲವಾಗುತ್ತದೆ: 2011ರಲ್ಲಿ ಪ್ರಕಟವಾದ ಮೆಲ್ಬರ್ನಿನ ಅಧ್ಯಯನದಂತೆ, ತೂಕ ಇಳಿಸಿಕೊಂಡವರಲ್ಲಿ ಹಸಿವಿನ ಹಾರ್ಮೋನುಗಳು ವರ್ಷ ಕಳೆದರೂ ಮೊದಲಿನ ಸ್ಥಿತಿಗೆ ಬಾರದೆ, ಕಳೆದ ತೂಕವನ್ನು ಮರಳಿ ತರುವ ದಿಕ್ಕಿನಲ್ಲಿಯೇ ಇರುತ್ತವೆ.

ವಯಸ್ಸಿನ ಪಾತ್ರ

ನಡುವಯಸ್ಸಿನ ಬೊಜ್ಜು ಮುಪ್ಪಿನ ಡಿಮೆನ್ಷಿಯಕ್ಕೆ (ಮರೆವಿನ ರೋಗಕ್ಕೆ) ಒಂದು ಕಾರಣವೆಂಬುದು ಬಹುಮಂದಿ ತಜ್ಞರ ಅಭಿಪ್ರಾಯ. ಕ್ಯಾಲಿಫೋರ್ನಿಯದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕುರಿತ 2005ರ ವರದಿಯಲ್ಲಿ, ನಲವತ್ತರ ಆಚೀಚೆ ಸ್ಥೂಲಕಾಯರಾಗಿದ್ದವರಿಗೆ ಮುಂದೆ ಈ ರೋಗ ಬರುವ ಸಂಭವವು ಸಾಮಾನ್ಯ ತೂಕದವರಿಗಿಂತ ನೂರಕ್ಕೆ 74ರಷ್ಟು ಹೆಚ್ಚಾಗಿತ್ತು. ಆದರೆ ವೃದ್ಧಾಪ್ಯದಲ್ಲಿ ಅಳೆದ ತೂಕಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ರೋಗ ಪ್ರಕಟವಾಗುವುದಕ್ಕೆ ಸುಮಾರು ಎಂಟು ವರ್ಷ ಮೊದಲೇ ರೋಗಿಯ ತೂಕ ಇಳಿಯತೊಡಗುತ್ತದೆಂದು ಲಂಡನ್ನಿನ ಸರಕಾರಿ ನೌಕರರ ‘ವೈಟ್‌ಹಾಲ್’ ಅಧ್ಯಯನ 2018ರಲ್ಲಿ ತೋರಿಸಿತು. ಆದ್ದರಿಂದ ಎಪ್ಪತ್ತು ಮೀರಿದವರಲ್ಲಿ ಪ್ರಯತ್ನವಿಲ್ಲದೆ ಆಗುವ ಇಳಿಕೆ ಸಂತೋಷಪಡತಕ್ಕ ವಿಷಯವಲ್ಲ, ವೈದ್ಯರಿಗೆ ತಿಳಿಸತಕ್ಕ ಲಕ್ಷಣ.

ಚಿಕಿತ್ಸೆಯಲ್ಲಿ ಪ್ರಯೋಜನ

ಕಾರ್ಯನಿರ್ವಾಹಕ ಶಕ್ತಿಗಳನ್ನು ಗಣಕಯಂತ್ರದ ಆಟಗಳಿಂದ ಬಲಪಡಿಸಿದಲ್ಲಿ ತೂಕ ಇಳಿಯುವುದೇ ಎಂಬ ಪ್ರಯೋಗಗಳು ನಡೆದಿವೆಯಾದರೂ, ಆಟದಲ್ಲಿ ಬಂದ ನೈಪುಣ್ಯವು ಊಟದ ತಟ್ಟೆಯವರೆಗೆ ಸಾಗಿಬರುವುದು ವಿರಳ. ಅದಕ್ಕಿಂತ ಫಲಕಾರಿಯಾಗಿರುವುದು ಮನಸ್ಸಿನ ಮೇಲಣ ಹೊರೆಯನ್ನೇ ಕಡಿಮೆ ಮಾಡುವ ಉಪಾಯಗಳು. ಅಮೆರಿಕದ ರಿಚರ್ಡ್ ಸ್ಟುವರ್ಟ್ 1967ರಲ್ಲಿ ರೂಪಿಸಿದ ವರ್ತನಾಚಿಕಿತ್ಸೆಯ ಕಾಲದಿಂದಲೂ ತಿಂದುದನ್ನು ಆಗಿಂದಾಗ್ಗೆ ಬರೆದಿಡುವುದು, ಮನೆಯಲ್ಲಿ ಕರಿದ ತಿಂಡಿಗಳನ್ನು ಕಣ್ಣಿಗೆ ಬೀಳದಂತಿಡುವುದು ಅಥವಾ ತಾರದಿರುವುದು, ನಿಯತವಾದ ಒಂದೇ ಸ್ಥಳದಲ್ಲಿ ಕುಳಿತು ಉಣ್ಣುವುದು ಬಳಕೆಯಲ್ಲಿವೆ. ‘ಇಂಥ ಸಂದರ್ಭ ಬಂದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಸಂಕಲ್ಪಿಸಿಡುವ ಕ್ರಮವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಪ್ರಚುರಪಡಿಸಿದನು; ಆ ಕ್ಷಣದಲ್ಲಿ ಯೋಚಿಸುವ ಶ್ರಮ ಇದರಿಂದ ತಪ್ಪುತ್ತದೆ. ನಿದ್ರಾಶ್ವಾಸರೋಧ, ಖಿನ್ನತೆ, ಥೈರಾಯ್ಡಿನ ಕೊರತೆಗಳನ್ನು ಪರೀಕ್ಷಿಸಿ ಗುಣಪಡಿಸುವುದೂ, ಸಲಹೆಗಳನ್ನು ಒಂದೇ ಬಾರಿಗೆ ಸುರಿಯದೆ ಒಂದೊಂದಾಗಿ ಬರಹದಲ್ಲಿ ಕೊಡುವುದೂ, ಅಡುಗೆ ಮಾಡುವವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿಸುವುದೂ ಅಗತ್ಯ.

ಕರ್ನಾಟಕದಲ್ಲಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಹತ್ತರಲ್ಲಿ ಸುಮಾರು ಮೂವರ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಾಗಿದೆ. ಗ್ರಾಮೀಣ ಜನರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಅನುಸರಿಸಿ ತಿಳಿಯಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ ಹತ್ತು ಸಾವಿರ ಮಂದಿಯನ್ನು ಗುರಿಯಾಗಿಟ್ಟುಕೊಂಡ ಅಧ್ಯಯನವನ್ನು ನಡೆಸುತ್ತಿದೆ. ಪಾಶ್ಚಾತ್ಯರ ಮೇಲೆ ನಡೆದ ಅಧ್ಯಯನಗಳ ನಿರ್ಣಯಗಳು ಅಕ್ಷರಾಭ್ಯಾಸ, ಆಹಾರ, ದೇಹರಚನೆಗಳು ಭಿನ್ನವಾಗಿರುವ ನಮ್ಮ ಜನರಿಗೆ ಎಷ್ಟರಮಟ್ಟಿಗೆ ಹೊಂದುತ್ತವೆಂಬುದು ಇಂಥ ಅಧ್ಯಯನಗಳಿಂದಲೇ ತೀರ್ಮಾನವಾಗಬೇಕು.

ಈವರೆಗಿನ ಸಾಕ್ಷ್ಯದಿಂದ ಇಷ್ಟನ್ನು ಹೇಳಬಹುದು: ತೂಕ ಇಳಿಸಲಾರದವನ ಸೋಲನ್ನು ಆತನ ಸೋಮಾರಿತನದ ಅಥವಾ ಶೀಲದ ದೋಷವೆಂದು ಎಣಿಸುವುದಕ್ಕೆ ವಿಜ್ಞಾನದ ಆಧಾರವಿಲ್ಲ; ರೋಗಿಯ ಮನೋಬಲವೊಂದನ್ನೇ ನೆಚ್ಚಿದ ಚಿಕಿತ್ಸೆ ಅಪೂರ್ಣವಾದ ಚಿಕಿತ್ಸೆ.